ತುಂಡುಗೆರೆಯಲ್ಲಿದ್ದ ಪಂಪು

ಮೊನ್ನೆ ಅಡುಗೆಮನೆಯ ಡಬ್ಬಿಗಳ ಕೆಳಗೆ ಹಾಸಲು ಕಾಗದ ಬೇಕೆಂದು ನನ್ನ ಹೆಂಡತಿ ಕಮಲಾ ಕಪಾಟಿನ ಮೇಲಿನಿಂದ ಒಂದು ಸುರುಳಿ ಎಳೆದಳು. ಬಿಚ್ಚಿದರೆ ಒಳಗೆ ಉಗಿ ಇಂಜಿನ್ನಿನ ನಕಾಶೆ, ಅದರ ಮೇಲೆ ನಾಲ್ಕಾರು ಕಡೆ ಕುಂಕುಮದ ಬೊಟ್ಟು. ಅವಳು ಅದನ್ನು ಸುತ್ತಿ, ಎಲ್ಲಿತ್ತೋ ಅಲ್ಲೇ ಇಟ್ಟು, ಹಳೆಯ ಪೇಪರು ಹುಡುಕಲು ಹೋದಳು. ಆ ಸುರುಳಿ ಡಬ್ಬಿಯ ಕೆಳಗೆ ಹಾಕುವ ಕಾಗದವಲ್ಲ. ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವಂಥದ್ದೂ ಅಲ್ಲ. ಕೆಲಸವಿಲ್ಲದಾಗ ಸುಮ್ಮನೆ ಮೇಲಿರುತ್ತದೆ.

ವಿಷಯ ಏನೆಂದು ಮೊದಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟುಕೊಂಡು ಕೊನೆಗೆ ಹೇಳುವ ಜಾಣತನ ನನಗಿಲ್ಲ. ನನ್ನ ಕಣ್ಣು ಹೋಗುತ್ತಿದೆ. ಅದು ಪೂರ್ತಿ ಹೋಗುವುದರೊಳಗೆ ಒಂದೇ ಒಂದು ಇಂಜಿನ್ನನ್ನು ಕಂಪ್ಯೂಟರಿನಲ್ಲಿ ಕಟ್ಟಿ ಮುಗಿಸಬೇಕು ಎಂದುಕೊಂಡಿದ್ದೆ. ದೇಶಕ್ಕೆ ಅದರಿಂದ ಏನೂ ಆಗಬೇಕಿಲ್ಲ. ಆ ಇಂಜಿನ್ನು ನಿಜವಾಗಿ ಓಡಿದ್ದು ನಮ್ಮ ಅಜ್ಜನ ಅಜ್ಜ ಹುಟ್ಟಿದ ಕಾಲದಲ್ಲಿ. ಆ ಜಾತಿಯದು ಒಂದೂ ಉಳಿದಿಲ್ಲ, ಎಲ್ಲವನ್ನೂ ಕರಗಿಸಿ ಏನೇನೋ ಮಾಡಿಕೊಂಡರು. ಉಳಿದದ್ದು ನಕಾಶೆ ಮಾತ್ರ. ಆ ನಕಾಶೆಯನ್ನು ನಂಬಿ ಒಬ್ಬ ರಿಟಾಯರಾದ ಡ್ರಾಯಿಂಗ್ ಮಾಸ್ತರ ಚಿಕ್ಕೋಡಿಯಲ್ಲಿ ಕೂತು ಅದನ್ನು ಮತ್ತೆ ಎದ್ದು ನಿಲ್ಲಿಸುತ್ತೇನೆ ಅನ್ನುತ್ತಾನೆ. ನಗು ಬಂದರೆ ನಕ್ಕುಬಿಡಿ, ನಾನೂ ಮೊದಮೊದಲು ನಕ್ಕಿದ್ದೇನೆ.

ಚಿಕ್ಕೋಡಿಯವನಿಗೆ ರೈಲಿನ ಹುಚ್ಚು ಹಿಡಿಯುವುದೇ ಒಂದು ತಮಾಷೆ. ನಮ್ಮೂರಿಗೆ ಕೋರ್ಟಿದೆ, ಕಾಲೇಜಿದೆ, ಕೊಲ್ಲಾಪುರಕ್ಕೂ ಬೆಳಗಾವಿಗೂ ಬಸ್ಸಿದೆ, ರೈಲು ಮಾತ್ರ ಇಲ್ಲ. ಚಿಕ್ಕೋಡಿ ರೋಡ್ ಎಂಬ ಸ್ಟೇಶನ್ ಇದೆಯಲ್ಲ ಅನ್ನುತ್ತೀರಿ. ಇದೆ. ಚಿಕ್ಕೋಡಿಯಿಂದ ಅಲ್ಲಿಗೆ ಹೋಗಲು ಬಸ್ಸು ಹತ್ತಬೇಕು. ಹೊರಗಿನವರು ಹೆಸರು ನಂಬಿ ಅಲ್ಲಿ ಇಳಿದು, ಊರೆಲ್ಲಿ ಎಂದು ಸುತ್ತ ನೋಡಿ, ಕಬ್ಬಿನ ಹೊಲ ಕಂಡು ಗಾಬರಿಯಾಗುತ್ತಾರೆ. ನಾನು ಹುಟ್ಟಿದ ಅಕ್ಕೋಳಕ್ಕಂತೂ ರೈಲಿನ ಕೂಗೂ ಕೇಳಿಸುತ್ತಿರಲಿಲ್ಲ. ಅಲ್ಲಿ ತಂಬಾಕಿನ ಘಾಟು, ಎಮ್ಮೆಯ ಕೂಗು, ಅಷ್ಟೇ.

ಹುಚ್ಚು ಹಚ್ಚಿದವನು ನನ್ನ ಸೋದರಮಾವ. ರಾಯಬಾಗ ಸ್ಟೇಶನ್ನಿನಲ್ಲಿ ಹಳಿ ಬದಲಿಸುವ ಪಾಯಿಂಟ್ಸ್‌ಮನ್ ಆಗಿದ್ದ. ಬೇಸಿಗೆ ಸೂಟಿಗೆ ನನ್ನನ್ನು ಅವನ ಮನೆಗೆ ತಳ್ಳುತ್ತಿದ್ದರು. ಆಗ ಆ ಹಾದಿಯಲ್ಲಿ ಮೀಟರ್‌ಗೇಜ್. ಸಣ್ಣ ಕರಿ ಇಂಜಿನ್ನುಗಳು ಬುಸುಗುಡುತ್ತ ಬಂದು ನೀರು ಕುಡಿದು ಹೋಗುತ್ತಿದ್ದವು. ನಾನು ಅವನ್ನು ಎಮ್ಮೆಗಳಂತೆಯೇ ಪ್ರೀತಿಸಿದೆ. ಒಂದು ಸಲ ಮಾವ ಮಿರಜಕ್ಕೆ ಕರೆದುಕೊಂಡು ಹೋದ. ಮಿರಜದಲ್ಲಿ ಆಗ ಮೂರು ಅಳತೆಯ ಹಳಿಗಳು: ತೀರ ಸಣ್ಣದು, ನಡುವಿನದು, ದೊಡ್ಡದು. ದೊಡ್ಡ ಹಳಿಯ ಮೇಲೆ ಐದೂವರೆ ಅಡಿ ಅಂತರದಲ್ಲಿ ಕಾಲೂರಿ ನಿಂತ ಇಂಜಿನ್ನನ್ನು ಕಂಡೆ. ಅದರ ಗಾಲಿ ನನಗಿಂತ ಎತ್ತರವಿತ್ತು. ಅದು ಉಗಿ ಬಿಟ್ಟದ್ದೇ ತಡ, ನಾನು ಮಾವನ ಧೋತರ ಹಿಡಿದು ಲಬೋ ಅಂದೆ, ಚಡ್ಡಿಯೂ ಒದ್ದೆಯಾಯಿತು. ಮಾವ ಮಾತ್ರ ಸಮಾಧಾನದಿಂದ, ‘ಹೆದರಬ್ಯಾಡಲೇ, ಅದು ಹಳಿ ಬಿಟ್ಟು ಬರೂದಿಲ್ಲ’ ಅಂದ. ಅವನೂ ಈಗಿಲ್ಲ, ಆ ಇಂಜಿನ್ನೂ ಇಲ್ಲ.

ಆಮೇಲೆ ನಾನು ಐಟಿಐಯಲ್ಲಿ ಡ್ರಾಯಿಂಗ್ ಕಲಿಸುತ್ತ ತಲೆ ಹಣ್ಣು ಮಾಡಿಕೊಂಡೆ. ರಿಟಾಯರಾದ ಮೇಲೆ ಒಂದು ದಿನ ಕಂಪ್ಯೂಟರಿನಲ್ಲಿ ಏನನ್ನೋ ಹುಡುಕುತ್ತಿದ್ದಾಗ ಹಳೆಯ ಇಂಗ್ಲಿಷ್ ಪುಸ್ತಕವೊಂದರ ಸ್ಕ್ಯಾನ್ ಸಿಕ್ಕಿತು. ನಮ್ಮ ದೇಶದ ದೊಡ್ಡ ಹಳಿಗಳಿಗೆಂದೇ ವಿಲಾಯತಿಯಲ್ಲಿ ಕಟ್ಟಿ, ಬಿಚ್ಚಿ, ಹಡಗಿನಲ್ಲಿ ತಂದ ಮೊದಮೊದಲ ಇಂಜಿನ್ನುಗಳ ನಕಾಶೆಗಳು. ಎಂಥ ಕೈಚಳಕದ ಗೆರೆಗಳು ಅವು! ಚಿಮಣಿಯ ತುದಿಗೆ ಒಂದು ತೆಳ್ಳನೆಯ ತಿರುವು, ನನ್ನ ಜನ್ಮದಲ್ಲಿ ನಾನು ಯಾವ ಹುಡುಗನಿಂದಲೂ ತೆಗೆಸಲಾಗದ ತಿರುವು. ಅದನ್ನು ನೋಡುತ್ತ ಕೂತವನಿಗೆ ಚಹಾ ಆರಿದ್ದು ಗೊತ್ತಾಗಲಿಲ್ಲ. ಅವುಗಳಲ್ಲಿ ಒಂದನ್ನು ಹಿಡಿದೆ. ಗಾಲಿ, ಬಾಯ್ಲರು, ಒಂದೊಂದು ರಿವಿಟ್ಟನ್ನೂ ಬಿಡದೆ, ನಾಲ್ಕೂ ಕಡೆಯಿಂದ ತಿರುಗಿಸಿ ನೋಡುವಂತೆ ಕಂಪ್ಯೂಟರಿನಲ್ಲಿ ಕಟ್ಟುವುದು ಎಂದು ಶುರು ಮಾಡಿದೆ.

ಹಳೆಯ ನಕಾಶೆ ನೋಡಿ ಕಟ್ಟುವುದೆಂದರೆ ಸುಮ್ಮನೆ ಗೀಚುವುದಲ್ಲ. ಕಾಗದಕ್ಕೂ ವಯಸ್ಸಾಗುತ್ತದೆ. ಅದು ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಕುಗ್ಗುತ್ತದೆ. ಸ್ಕ್ಯಾನ್ ಮಾಡುವವನು ಪುಸ್ತಕ ಸೊಟ್ಟಗೆ ಇಟ್ಟಿರುತ್ತಾನೆ. ಹೀಗಾಗಿ ನಕಾಶೆಯ ಗಾಲಿಗಳು ದುಂಡಗೆ ಇರುವುದಿಲ್ಲ, ತತ್ತಿಯಾಕಾರ ಇರುತ್ತವೆ. ಗಾಲಿ ದುಂಡಗಾಗುವ ತನಕ ಇಡೀ ಹಾಳೆಯನ್ನು ಹಿಗ್ಗಿಸಿ ಕುಗ್ಗಿಸಿ ಸರಿ ಮಾಡಬೇಕು. ಇದನ್ನು ನಾನು ಕಮಲಾಗೆ ಬಹಳ ಅಭಿಮಾನದಿಂದ ವಿವರಿಸಿದೆ. ಅವಳು ಹಿಟ್ಟು ನಾದುತ್ತಿದ್ದವಳು ಕೈ ನಿಲ್ಲಿಸದೆ, ಇಡೀ ದಿನ ಕೂತು ಒಂದು ಗಾಲಿ ದುಂಡಗ ಮಾಡಿದಿರಿ, ನಾ ಬೆಳಗಿನಿಂದ ಬುಟ್ಟಿ ತುಂಬ ದುಂಡಗ ಮಾಡೇನಿ ಎಂಬರ್ಥದ ಮಾತಾಡಿದಳು. ಅಂದಿನಿಂದ ಅವಳ ಬಾಯಲ್ಲಿ ಅದು ‘ನಿಮ್ಮ ಗಾಡಿ’ ಆಯಿತು.

ನನ್ನ ಪುಸ್ತಕದಲ್ಲಿ ಬದಿಯಿಂದ ಕಾಣುವ ಚಿತ್ರ, ಎದುರಿನಿಂದ ಕಾಣುವ ಚಿತ್ರ ಎರಡೇ ಇದ್ದವು. ಮೇಲಿನಿಂದ ಕಾಣುವ ಪುಟವನ್ನು ಯಾವ ಪುಣ್ಯಾತ್ಮನೋ ಹರಿದುಕೊಂಡು ಹೋಗಿದ್ದ. ಆದರೆ ನಮ್ಮ ವಿದ್ಯೆಯಲ್ಲಿ ಅದಕ್ಕೂ ಉಪಾಯವಿದೆ. ಮುಂದಿನ ವಸ್ತುವಿನ ಮರೆಯಲ್ಲಿ ಇರುವುದನ್ನು ತುಂಡುಗೆರೆಯಲ್ಲಿ, ಅಂದರೆ ಗೆರೆ ಬಿಟ್ಟು ಗೆರೆ ಎಳೆದು ತೋರಿಸುತ್ತೇವೆ. ಕಣ್ಣಿಗೆ ಕಾಣದಿದ್ದರೂ ಇದೆ ಎಂದು ಅದರ ಅರ್ಥ. ಇದೊಂದನ್ನು ಹುಡುಗರ ತಲೆಯಲ್ಲಿ ತುಂಬಲು ನಾನು ಪಟ್ಟ ಪಾಡು ದೇವರಿಗೇ ಗೊತ್ತು. ತುಂಡುಗೆರೆ ಬಿಟ್ಟವನ ಹಾಳೆಯನ್ನು ಎಲ್ಲರೆದುರು ಎತ್ತಿ ಹಿಡಿದು, ಇವನ ಯಂತ್ರದ ಹೊಟ್ಟೆಯಲ್ಲಿ ಏನೂ ಇಲ್ಲ ನೋಡ್ರಪಾ ಎಂದು ಮಾನ ಕಳೆಯುತ್ತಿದ್ದೆ.

ಇಂಜಿನ್ನು ಮುಕ್ಕಾಲು ಪಾಲು ಆದಾಗ ಅದರ ಚಿತ್ರಗಳನ್ನು ಇಂಥದೇ ಹುಚ್ಚಿನವರ ಒಂದು ಗುಂಪಿಗೆ ಕಳಿಸಿದೆ. ಬೇರೆ ಬೇರೆ ದೇಶಗಳಲ್ಲಿ ಕೂತು ಹಳೆಯ ಇಂಜಿನ್ನು ಕಟ್ಟುವವರು. ಎಲ್ಲರೂ ಹೊಗಳಿದರು. ಒಬ್ಬ ಮಾತ್ರ ಬಹಳ ವಿನಯದಿಂದ, ನಿಮ್ಮ ಬಾಯ್ಲರಿಗೆ ನೀರು ಹೇಗೆ ಹೋಗುತ್ತದೆ ಎಂದು ಕೇಳಿದ. ಆ ಕಾಲದ ಇಂಜಿನ್ನುಗಳಲ್ಲಿ ನೀರು ತಳ್ಳಲು ಒಂದು ಪಂಪು ಇರುತ್ತಿತ್ತು, ಇಂಜಿನ್ನು ಓಡಿದಂತೆ ಅದೂ ಆಡುತ್ತಿತ್ತು. ನನ್ನದರಲ್ಲಿ ಅದಿಲ್ಲ. ಮೂಗಿನ ತುದಿಯ ಸಿಟ್ಟು ನನಗೆ. ನಕಾಶೆಯಲ್ಲಿ ಇಲ್ಲದ್ದನ್ನು ನಾನು ಹುಟ್ಟಿಸುವವನಲ್ಲ, ನಕಾಶೆ ತೆಗೆದವನೇ ಬಿಟ್ಟಿದ್ದಾನೆ, ಗೆರೆ ಓದುವುದನ್ನು ನನಗೆ ಕಲಿಸಬೇಡಿ ಎಂದು ಉದ್ದಕ್ಕೆ ಬರೆದು ಹಾಕಿದೆ. ಗೆದ್ದೆ ಅಂದುಕೊಂಡೆ. ಆದರೂ ಮನಸ್ಸು ಕೊರೆಯಿತು, ಪರದೆ ಬಿಟ್ಟು ಕಾಗದದ ಮೇಲೆ ಒಮ್ಮೆ ನೋಡೋಣವೆಂದು ಆ ನಕಾಶೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟು ಹಾಕಿಸಲು ಅಣ್ಣಾಸಾಬನ ಅಂಗಡಿಗೆ ಹೋದೆ.

ಅಣ್ಣಾಸಾಬ ಕೋರ್ಟಿನ ಎದುರು ಝೆರಾಕ್ಸ್ ಅಂಗಡಿ ಇಟ್ಟವನು, ನನ್ನ ಹಳೆಯ ಗೆಳೆಯ. ಇಂಜಿನ್ನಿನ ಹಾಳೆ ಹೊರಬಂದಾಗ ಅದು ನಿಪ್ಪಾಣಿಯಲ್ಲಿ ಯಾರೋ ಕಟ್ಟಿಸುವ ಮನೆಯ ಪ್ಲ್ಯಾನು ಎಂದು ತಿಳಿದು, ಸಂಡಾಸು ಎಲ್ಲಿ ಇಟ್ಟೀರಿ ಎಂದು ಕೇಳಿದ. ಆಮೇಲೆ ಮುಖ ಗಂಟಿಕ್ಕಿ, ಈಗೀಗ ನೀವು ಬಹಳ ದೊಡ್ಡವರಾಗೀರಿ ಎಂದು ಚುಚ್ಚಿದ. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಎಡಕ್ಕೇ ನಿಂತು ನಮಸ್ಕಾರ ಮಾಡಿದರೂ ನಾನು ನೋಡದೆ ಹೋದೆನಂತೆ. ಅವನೊಬ್ಬನೇ ಅಲ್ಲ, ಆ ಸುಮಾರಿಗೆ ಬಹಳ ಜನಕ್ಕೆ ನನ್ನ ಮೇಲೆ ಸಿಟ್ಟಿತ್ತು.

ಸತ್ತಿಯ ಮದುವೆಯ ಕತೆ ಹೇಳಲೇಬೇಕು. ಸತ್ತಿ ಕಮಲಾಳ ತವರು, ಕೃಷ್ಣೆಯ ದಂಡೆಯ ಊರು. ಅಲ್ಲಿ ಅವಳ ಅಣ್ಣನ ಮಗಳ ಮದುವೆ. ಅಳಿಯನಾದವನು ಸುಮ್ಮನೆ ಕೂರಬಾರದೆಂದು ನಾನು ಹುಗ್ಗಿಯ ಬಕೀಟು ಹಿಡಿದು ಬಡಿಸಲು ನಿಂತೆ. ಪಂಕ್ತಿಯ ಮೇಲೆ ಪಂಕ್ತಿ ಬಡಿಸಿದೆ. ಕೈ ತೊಳೆಯುವ ಹೊತ್ತಿಗೆ ದೊಡ್ಡ ಗುಸುಗುಸು. ಕಮಲಾಳ ಅಣ್ಣನ ಎಲೆಯನ್ನೂ, ಅವನ ಪಕ್ಕದ ಬೀಗರ ಎಲೆಯನ್ನೂ ದಾಟಿಕೊಂಡು ಹೋಗಿದ್ದೆನಂತೆ. ಒಂದು ಸಲವಲ್ಲ, ಎರಡನೆಯ ಸಲ ಬಂದಾಗಲೂ. ಮಾಸ್ತರಿಗೆ ಹೆಂಡತಿಯ ಅಣ್ಣನ ಮೇಲೆ ಹಳೆಯ ಹೊಲದ ಜಗಳದ ಸಿಟ್ಟು ಇನ್ನೂ ಹೋಗಿಲ್ಲ ಅಂದರು ಕೆಲವರು. ಕಮಲಾ ಅಥಣಿಯ ತನಕ ಬಸ್ಸಿನಲ್ಲಿ ನನ್ನ ಜೊತೆ ಮಾತು ಬಿಟ್ಟಳು. ನನಗೋ ಕೆಟ್ಟ ಕೋಪ. ಎಲೆ ಹಾಕಿಕೊಂಡು ಕೂತಿದ್ದರೆ ನಾನು ಬಡಿಸದೆ ಇರುತ್ತಿದ್ದೆನೆ, ಅಲ್ಲಿ ಯಾರೂ ಕೂತಿರಲೇ ಇಲ್ಲ ಎಂದು ಆಣೆ ಹಾಕುವುದಕ್ಕೂ ಸಿದ್ಧನಿದ್ದೆ.

ಖಂಡೇಪೂಜೆ ಬಂತು. ನಮ್ಮ ಕಡೆ ಆ ದಿನ ಅವರವರ ಕಸುಬಿನ ಆಯುಧಗಳಿಗೆ ಪೂಜೆ, ಪೂಜೆಗಿಟ್ಟ ಆಯುಧವನ್ನು ಆ ದಿನ ಮುಟ್ಟುವಂತಿಲ್ಲ. ನಾನು ನೌಕರಿಯಲ್ಲಿದ್ದಾಗಿನಿಂದ ಟಿ-ಸ್ಕ್ವೇರು, ಕಂಪಾಸು ಇಡುತ್ತಿದ್ದೆ, ಈಗ ಕಂಪ್ಯೂಟರನ್ನೂ ಇಟ್ಟೆ. ಪಕ್ಕದಲ್ಲಿ ಕಮಲಾಳ ಈಳಿಗೆ, ಕುಡುಗೋಲು. ಹಾಳೆಯನ್ನೂ ಬಿಚ್ಚಿ ಮುಂದೆ ಹಾಸಿದೆ. ಅದರಲ್ಲೂ ನನಗೆ ಪಂಪು ಕಂಡಿರಲಿಲ್ಲ, ಹೀಗಾಗಿ ಪಂಪಿನ ಜಗಳದ ನಂತರ ಅದೂ ನನಗೆ ಒಂದು ಆಯುಧವೇ ಆಗಿತ್ತು. ಕಮಲಾ ಚೆಂಡುಹೂ ಇಟ್ಟು, ಒಂದೊಂದಕ್ಕೂ ಕುಂಕುಮ ಹಚ್ಚುತ್ತ ಬಂದಳು. ಹಾಳೆಗೂ ಹಚ್ಚು ಅಂದೆ. ಅವಳು ಚಿಮಣಿಗೆ ಒಂದು ಬೊಟ್ಟು, ಬಾಯ್ಲರಿಗೆ ಒಂದು, ಗಾಲಿಗಳಿಗೆ ಒಂದೊಂದು ಇಟ್ಟು ಬೆರಳು ತಡೆದಳು.

‘ಇದಕ್ಕೂ ಹಚ್ಚಲೇನ್ರಿ?’

‘ಯಾವುದಕ್ಕ?’

‘ಗಾಲಿ ಹಿಂದ ನಳಿಗಿ ಗತೆ ಐತಲ್ರಿ, ತುಂಡು ತುಂಡು ಗೆರಿ.’

‘ಅಲ್ಲೇನೂ ಇಲ್ಲ.’

‘ಐತ್ರೀ. ನನ್ನ ಬೆರಳ ಕೆಳಗ ಐತಿ.’

ನಾನು ಬಾಗಿ ನೋಡಿದೆ. ಕಾಗದ ಬೆಳ್ಳಗಿತ್ತು. ಕನ್ನಡಕ ಒರೆಸಿ ನೋಡಿದೆ, ಮುಟ್ಟಬಾರದೆಂಬುದನ್ನೂ ಮರೆತು ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದೆ. ಆಮೇಲೆ ತಲೆಯನ್ನು ಪೂರ್ತಿ ಓರೆ ಮಾಡಿ, ಕೋಳಿ ಕಾಳು ನೋಡುವ ಹಾಗೆ ಒಂದೇ ಕಣ್ಣಿನಿಂದ ನೋಡಿದಾಗ ಮಾಸಲು ತುಂಡುಗೆರೆಗಳು ಒಂದು ಕ್ಷಣ ಕಂಡು, ಮತ್ತೆ ಅಳಿಸಿಹೋದವು. ಪಂಪು ಅಲ್ಲಿತ್ತು. ಅದರ ಕೊಳವೆ, ಒಳಗೆ ಆಡುವ ದಂಡ, ಎಲ್ಲವನ್ನೂ ನಕಾಶೆಯವನು ಚೊಕ್ಕವಾಗಿ ತೆಗೆದಿದ್ದ. ಇಷ್ಟು ದಿನ ನಾನು ಅವನಿಗೆ ಮೈಗಳ್ಳ ಎಂದು ಬೈದಿದ್ದೆ. ಕಮಲಾ ಪಂಪಿಗೂ ಬೊಟ್ಟು ಇಟ್ಟು, ಆರತಿ ಮಾಡಿ, ನನ್ನ ಮುಖ ನೋಡಿ, ಒಳಗೆ ಹೋಗಿ ನೀರು ತಂದಳು.

ಕಣ್ಣಿಗೆ ಪೊರೆ ಬರುವ ಮೋತಿಬಿಂದು ಇರಬೇಕು, ಆಪರೇಶನ್ ಮಾಡಿಸಿಕೊಂಡರೆ ಆಯಿತು ಎಂದು ಧೈರ್ಯ ಹೇಳಿಕೊಂಡು ಮಿರಜಕ್ಕೆ ಹೋದೆವು. ನಮ್ಮ ಕಡೆಯವರಿಗೆ ಜಡ್ಡು ಅಂದರೆ ಮಿರಜ. ಅಲ್ಲಿ ಒಂದು ಕತ್ತಲೆ ಕೋಣೆಯಲ್ಲಿ ಗುಮ್ಮಟದಂಥ ಯಂತ್ರಕ್ಕೆ ಗದ್ದ ಕೊಟ್ಟು ಕೂರಿಸಿ, ಕೈಗೊಂದು ಗುಂಡಿ ಕೊಟ್ಟರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಅದನ್ನು ಒತ್ತಬೇಕು. ನಾನು ಪರೀಕ್ಷೆಗೆ ಕೂತ ಹುಡುಗನಂತೆ ಬೆರಳು ಸಜ್ಜು ಮಾಡಿಕೊಂಡು ಕಾದೆ. ಒಂದೆರಡು ಚುಕ್ಕಿ ಬಂದವು, ಒತ್ತಿದೆ. ಆಮೇಲೆ ಏನೂ ಬರಲಿಲ್ಲ. ಯಂತ್ರ ಕೆಟ್ಟಿದೆ ಅನ್ನಿಸಿತು. ಮುಂದಿನದು ಇನ್ನೂ ಸುರುವಾಗಿಲ್ಲವೇ ಎಂದು ಪಕ್ಕದಲ್ಲಿದ್ದ ಹುಡುಗಿಯನ್ನು ಮರಾಠಿಯಲ್ಲಿ ಕೇಳಿದೆ. ‘ಅರ್ಧಂ ಸಂಪಲಂ, ಕಾಕಾ’ ಅಂದಳು. ಅರ್ಧ ಮುಗಿದಿತ್ತು. ಅಷ್ಟು ಹೊತ್ತೂ ಚುಕ್ಕಿಗಳು ಬಂದು ಬಂದು ಹೋಗಿದ್ದವು, ನಾನು ಖಾಲಿ ಗುಮ್ಮಟ ನೋಡುತ್ತ ಕೂತಿದ್ದೆ.

ಅದು ಮೋತಿಬಿಂದು ಅಲ್ಲ, ಕಾಚಬಿಂದು, ಇಂಗ್ಲಿಷಿನಲ್ಲಿ ಗ್ಲಾಕೋಮಾ. ಕಣ್ಣಿನ ಒಳಗಿನ ನರ ಒಣಗುವ ರೋಗ. ನೋಯುವುದಿಲ್ಲ, ಕೆಂಪಾಗುವುದಿಲ್ಲ, ಕಳ್ಳನಂತೆ ಬರುತ್ತದೆ. ಡಾಕ್ಟರು ಕಾಗವಾಡದ ಕಡೆಯವರು, ಕನ್ನಡದಲ್ಲೇ ತಿಳಿಸಿ ಹೇಳಿದರು. ಕಾಣದ ಜಾಗ ಕಪ್ಪಗೆ ಇರುವುದಿಲ್ಲವಂತೆ. ಸುತ್ತಮುತ್ತ ಏನಿದೆಯೋ ಅದನ್ನೇ ತಲೆ ಅಲ್ಲಿಗೂ ಹಚ್ಚಿ ತುಂಬಿಬಿಡುತ್ತದಂತೆ. ಬೆಳ್ಳನೆಯ ಕಾಗದವಾದರೆ ಬೆಳ್ಳಗೆ, ಖಾಲಿ ನೆಲವಾದರೆ ಖಾಲಿ ನೆಲ. ಎಡಕ್ಕೆ, ಕೆಳಕ್ಕೆ ನನ್ನದು ಬಹಳ ಹೋಗಿತ್ತು. ಮಾಸಲು ಗೆರೆಗಳು ಮೊದಲು ಹೋಗುತ್ತವೆ ಅಂದರು. ವಾಪಸ್ಸು ತರಿಸಲು ಏನಾದರೂ ಇದೆಯೇ ಎಂದು ಕೇಳಿದ್ದು ಕಮಲಾ.

‘ಹೋದದ್ದು ಬರೂದಿಲ್ಲ, ಅಕ್ಕಾರ. ಇದ್ದದ್ದನ್ನ ಕಾಯೋಣ್ರಿ’ ಅಂದರು ಡಾಕ್ಟರು. ಹನಿ ಹಾಕುವ ಔಷಧ ಬರೆದುಕೊಟ್ಟರು.

ಬರುವಾಗ ಬಸ್ಸಿನಲ್ಲಿ ಕಮಲಾ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಾನು ಅತ್ತೆನೆಂದು ಹೇಳಿದರೆ ಸುಳ್ಳಾಗುತ್ತದೆ. ನನಗೆ ಹೆದರಿಕೆಯೇ ಹೆಚ್ಚಿತ್ತು. ಕುರುಡನಿಗೆ ತಾನು ಕುರುಡ ಎಂದಾದರೂ ಗೊತ್ತಿರುತ್ತದೆ. ನನಗೆ ಏನು ಕಾಣುತ್ತಿಲ್ಲ ಎಂಬುದೇ ನನಗೆ ಗೊತ್ತಿಲ್ಲ. ಕಿಟಕಿಯ ಆಚೆ ಕಬ್ಬು ಕಂಡಿತು, ಆಕಾಶ ಕಂಡಿತು, ಎಲ್ಲ ಪೂರ್ತಿ ಇದ್ದ ಹಾಗೇ ಇತ್ತು. ಅದರಲ್ಲಿ ನಿಜವಾದದ್ದು ಎಷ್ಟು, ನನ್ನ ತಲೆ ಹಚ್ಚಿದ ತೇಪೆ ಎಷ್ಟು? ಇಂಜಿನ್ನಿನಲ್ಲಿ ಪಂಪು ಒಂದೇ ಬಿಟ್ಟಿದ್ದೇನೆ ಎಂದು ಹೇಗೆ ನಂಬಲಿ? ಒಂದು ಆಯುಷ್ಯ ನಾನು ಇದ್ದದ್ದನ್ನು ಇದ್ದ ಹಾಗೆ ಗೆರೆಯಲ್ಲಿ ಹಿಡಿಯುವುದರ ಮೇಲೆ ಅನ್ನ ತಿಂದವನು. ಆ ಬಸ್ಸಿನಲ್ಲಿ ನನಗೆ ನನ್ನ ಮೇಲಿನ ನಂಬಿಕೆಯೇ ಸತ್ತುಹೋಯಿತು.

ಆದರೂ ಇಂಜಿನ್ನು ಬಿಡಲಿಲ್ಲ. ಹಟ ಅನ್ನಿ, ಹಣೆಬರಹ ಅನ್ನಿ. ಗುಂಪಿನ ಆ ಮನುಷ್ಯನಿಗೆ ಪಂಪು ಸಿಕ್ಕಿತು ಎಂದು ಒಂದು ಸಾಲು ಬರೆದೆ. ಆಮೇಲೆ ಕಮಲಾಳನ್ನು ಪಕ್ಕಕ್ಕೆ ಕೂರಿಸಿಕೊಂಡು ಮೊದಲಿನಿಂದ ಓದಿಸತೊಡಗಿದೆ. ಅವಳು ಹಾಳೆಯ ಮೇಲೆ ಬೆರಳು ಇಟ್ಟು ಗೆರೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕು, ನಾನು ತಲೆ ಓರೆ ಮಾಡಿ ಅದನ್ನು ಪರದೆಯ ಮೇಲೆ ಕಟ್ಟಬೇಕು. ಅವಳ ಭಾಷೆಯಲ್ಲಿ ಬಾಯ್ಲರು ಹಂಡೆ, ಕೊಳವೆಗಳೆಲ್ಲ ನಳಿಗೆ, ರಿವಿಟ್ಟುಗಳು ಸಾಸಿವೆ. ಒಂದು ಗೆರೆಗೆ ನಾನು ಹತ್ತು ಸಲ ಕೇಳುತ್ತೇನೆ. ಅವಳಿಗೆ ಬೇಸರ ಬರುತ್ತದೆ, ಕುಕ್ಕರು ಕೂಗುತ್ತದೆ, ಎದ್ದು ಹೋಗುತ್ತಾಳೆ, ಮತ್ತೆ ಬಂದು ಕೂರುತ್ತಾಳೆ. ಹೀಗೆ ಓದಿದಾಗ ಇನ್ನೂ ಏನೇನೋ ಸಿಕ್ಕವು. ಒಂದು ಕಡೆಯ ಮೆಟ್ಟಿಲನ್ನೇ ನಾನು ಬಿಟ್ಟಿದ್ದೆ. ಡ್ರೈವರ ಹತ್ತುವುದು ಹೇಗೆ ಎಂದು ಕಮಲಾ ಕೇಳಿದಳು, ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಒಂದು ದಿನ ಅವಳು ಕೆಲಸ ನಿಲ್ಲಿಸಿ, ಇದು ಮುಗಿದ ಮೇಲೆ ಎಲ್ಲಿ ಇಡುತ್ತೀರಿ ಎಂದು ಕೇಳಿದಳು. ಇಡುವಂಥದ್ದಲ್ಲ, ಕಂಪ್ಯೂಟರಿನಲ್ಲೇ ಇರುತ್ತದೆ ಅಂದೆ. ಹೇಳಿದ ಮೇಲೆ ನನಗೆ ಹೊಳೆಯಿತು. ನಾನು ಕಟ್ಟಿಗೆಯಲ್ಲಿ ಕೆತ್ತಿದ್ದರೆ, ತಗಡಿನಲ್ಲಿ ಬಡಿದಿದ್ದರೆ, ಕಣ್ಣು ಹೋದ ಮೇಲೂ ಕೈಯಿಂದ ಸವರಬಹುದಿತ್ತು. ಲೋಕದಲ್ಲಿ ಇರುವ ಎಲ್ಲ ಕಸುಬು ಬಿಟ್ಟು, ಕಣ್ಣೊಂದಕ್ಕೆ ಮಾತ್ರ ಸಿಗುವ ವಸ್ತುವನ್ನು ಕಟ್ಟುತ್ತ ಕೂತಿದ್ದೇನೆ. ಅಣ್ಣಾಸಾಬನಿಗೆ ಈಗ ಎಲ್ಲ ಗೊತ್ತು, ಸಿಟ್ಟು ಬಿಟ್ಟಿದ್ದಾನೆ. ಕೊಲ್ಲಾಪುರದಲ್ಲಿ ಕಂಪ್ಯೂಟರಿನಿಂದ ನೇರ ಪ್ಲಾಸ್ಟಿಕ್ಕಿನ ವಸ್ತು ತೆಗೆಯುವ ಯಂತ್ರವಿದೆ ಎಂದು ವಿಚಾರಿಸಿಕೊಂಡು ಬಂದ. ಇಷ್ಟು ತೆಳ್ಳಗಿನ ಕಡ್ಡಿ, ದಂಡಗಳು ಮುರಿಯುತ್ತವೆ, ಎಲ್ಲವನ್ನೂ ದಪ್ಪ ಮಾಡಿ ಕೊಡಿ ಅಂದರಂತೆ. ದಪ್ಪ ಮಾಡಿದರೆ ಅದು ಆ ಇಂಜಿನ್ನು ಅಲ್ಲ. ಬೇಡ ಅಂದೆ. ಕಣ್ಣು ಹೋದರೂ ಸೊಕ್ಕು ಹೋಗಿಲ್ಲ ಎಂದು ಅವನು ಬೈದದ್ದು ಸರಿಯೇ.

ನಿನ್ನೆ ಮಧ್ಯಾಹ್ನ ಪಂಪನ್ನು ಕೂರಿಸಿದೆ. ಕೊಳವೆ ಜೋಡಿಸಿ, ದಂಡಕ್ಕೆ ಗಾಲಿಯ ಅಚ್ಚಿನಿಂದ ಚಲನೆ ಕೊಟ್ಟೆ. ಮುಗಿಯಿತೇ ಎಂದು ಕಮಲಾಳನ್ನು ಕೇಳಿದೆ. ಅವಳು ಹಾಳೆಯ ಈ ತುದಿಯಿಂದ ಆ ತುದಿಗೆ ಬೆರಳು ಆಡಿಸಿ, ಎಲ್ಲ ಬಂತು ಅಂದಳು. ನಿಜವೋ, ನನ್ನ ಮೇಲಿನ ಕನಿಕರವೋ ನಾನು ಕೇಳಲಿಲ್ಲ. ಇಂಜಿನ್ನನ್ನು ಪರದೆಯ ಮೇಲೆ ಓಡಿಸುವ ಗುಂಡಿ ಒತ್ತಿದೆ.

‘ಓಡಾಕತ್ತೈತ್ರೀ’ ಅಂದಳು. ‘ಪಂಪು ಆಡಾಕತ್ತೈತಿ, ನೋಡ್ರಿ.’

ನೋಡಿದೆ. ಚಿಮಣಿ ಇತ್ತು, ಬಾಯ್ಲರಿನ ಬೆನ್ನು ಇತ್ತು. ಅದರ ಕೆಳಗೆ ಪರದೆಯ ಬೂದು ಬಣ್ಣ ನಯವಾಗಿ ಹರಡಿತ್ತು. ತಲೆ ಓರೆ ಮಾಡಿದೆ, ಕಣ್ಣು ಹೊರಳಿಸಿದೆ. ನಿಂತ ಗೆರೆಯನ್ನಾದರೆ ಹಾಗೆ ಹೇಗೋ ಹಿಡಿಯುತ್ತಿದ್ದೆ, ಓಡುವುದನ್ನು ಹಿಡಿಯಲು ಆಗಲಿಲ್ಲ. ಏನೋ ಮಿನುಗಿತು, ಹೋಯಿತು. ನನ್ನ ಮುಖದಲ್ಲಿ ಅವಳಿಗೆ ಏನು ಕಂಡಿತೋ, ಮೌಸಿನ ಮೇಲಿದ್ದ ನನ್ನ ಕೈ ತೆಗೆದು ಬೆರಳನ್ನು ಪರದೆಗೆ ಹಚ್ಚಿದಳು.

‘ಇಲ್ಲೇ ರೀ. ಹತ್ತಿತೇನ್ರಿ ಕೈಗೆ?’

ಗಾಜು ಬೆಚ್ಚಗಿತ್ತು. ಬಾಯ್ಲರು, ಗಾಲಿ, ಪಂಪು, ಒಂದೊಂದು ರಿವಿಟ್ಟು, ಎಲ್ಲ ಒಂದೇ ಸಪಾಟು.

‘ಇಲ್ಲ’ ಅಂದೆ.

ಅವಳು ಕೈ ಬಿಡಲಿಲ್ಲ. ಗಾಲಿ ಹೇಗೆ ತಿರುಗುತ್ತಿತ್ತೋ ಹಾಗೆ ನನ್ನ ಬೆರಳನ್ನು ಗಾಜಿನ ಮೇಲೆ ಮೆಲ್ಲಗೆ ತಿರುಗಿಸತೊಡಗಿದಳು.